ತಿದ್ದಪ್ಪನವರ ರಾಕ್ಷಸ

ಇಪ್ಪತ್ತೆರಡು ವರ್ಷ ಬೇರೆಯವರ ಪುಸ್ತಕಗಳ ಕರಡು ತಿದ್ದಿ ಕಣ್ಣು ಸವೆಸಿಕೊಂಡ ಮನುಷ್ಯನಿಗೆ ಒಂದೇ ಒಂದು ಮುಖಪುಟದ ಮೇಲೆ ತನ್ನ ಹೆಸರು ನೋಡುವ ಆಸೆ ಹುಟ್ಟಿದ್ದೇ ಈ ರಾದ್ಧಾಂತಕ್ಕೆಲ್ಲ ಮೂಲ. ಮಕ್ಕಳ ಪುಸ್ತಕ ಹೊರತರುವ ಆ ಪ್ರಕಾಶನದಲ್ಲಿ ಎಲ್ಲರೂ ಅವರನ್ನು ತಿದ್ದಪ್ಪನವರು ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಏಳು ಸಮುದ್ರದಾಚೆ ಗಿಣಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನ ಕತೆ ಯಾವ ಮಗುವಿಗೆ ಗೊತ್ತಿಲ್ಲ ಹೇಳಿ? ಆದರೆ ಅವನು ಚಿಕ್ಕವನಿದ್ದಾಗ ಹೇಗಿದ್ದ, ಯಾಕೆ ರಾಕ್ಷಸನಾದ ಎಂದು ಯಾರೂ ವಿಚಾರಿಸಿರಲಿಲ್ಲ. ತಿದ್ದಪ್ಪನವರು ವಿಚಾರಿಸಿದರು. ಮೂರು ವರ್ಷ ಕೂತು ಕಾದಂಬರಿಯನ್ನೇ ಬರೆದರು. ಹೆತ್ತವಳು ಬೈದಳು, ಊರು ನಕ್ಕಿತು, ಸಾಕಿದ ಗಿಣಿಯೂ ಹಾರಿಹೋಯಿತು, ಹುಡುಗ ರಾಕ್ಷಸನಾದ. ಓದಿದರೆ ಕಲ್ಲೂ ಕರಗಬೇಕು, ಹಾಗಿತ್ತು.

ಆದರೆ ಆ ಕಚೇರಿಯಲ್ಲಿ ಒಂದು ಕಟ್ಟಳೆ. ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಎಲ್ಲರೂ ಓದಿ ಒಪ್ಪಿಗೆ ಚೀಟಿಗೆ ಸಹಿ ಹಾಕಬೇಕು. ಒಬ್ಬರು ಬೇಡವೆಂದರೂ ಮುಗಿಯಿತು. ಈ ದಿನ ಐದು ಗಂಟೆಯೊಳಗೆ ನಾಲ್ಕು ಸಹಿ ಬೀಳದಿದ್ದರೆ ಪುಸ್ತಕ ಮುಂದಿನ ವರ್ಷಕ್ಕೆ. ತಿದ್ದಪ್ಪನವರಿಗೋ ಈ ತಿಂಗಳೇ ನಿವೃತ್ತಿ.

ಬೆಳಿಗ್ಗೆ ಮೊದಲು ಸಿಕ್ಕವರು ಬೈಂಡಿಂಗ್ ಅಕ್ಕ. "ಅಲ್ಲ ಸಾರ್, ಹೆತ್ತ ತಾಯಿ ಹೀಗೆಲ್ಲ ಬೈತಾಳಾ? ನಾನೂ ಮೂರು ಹೆತ್ತಿದೀನಿ. ಅವಳನ್ನ ಒಳ್ಳೆಯವಳು ಮಾಡಿ, ಆಮೇಲೆ ಸಹಿ."

ತಿದ್ದಪ್ಪನವರು ಹೂಂ ಎಂದು ತಿದ್ದಿದರು. ತಾಯಿ ಲಾಲಿ ಹಾಡತೊಡಗಿದಳು.

ಗುಮಾಸ್ತರು ಕನ್ನಡಕ ಹಣೆಗೇರಿಸಿದರು. "ಊರಿಗೆ ಊರೇ ಒಂದು ಮಗೂನ ನೋಡಿ ನಗುತ್ತೇನ್ರೀ? ನಮ್ಮ ಪುಸ್ತಕ ಓದೋರು ಯಾರು, ಊರಿನವರೇ ತಾನೇ? ಅವರನ್ನೇ ಕೆಟ್ಟವರು ಮಾಡಿದ್ರೆ ಹೇಗೆ?"

ಊರಿನವರು ಹುಡುಗನನ್ನು ಎತ್ತಿ ಮುದ್ದಾಡಿದರು. ಎರಡನೇ ಸಹಿ ಬಿತ್ತು.

ಚಿತ್ರ ಬರೆಯುವವನದು ಬೇರೆಯೇ ತಕರಾರು. "ಗಿಣಿ ಹಾರಿಹೋಗೋ ಹಾಗಿಲ್ಲ ಸಾರ್. ಕೊನೇ ಪುಟದ ತನಕ ಹುಡುಗನ ಭುಜದ ಮೇಲೆ ಕೂರಿಸಿಬಿಟ್ಟಿದೀನಿ."

"ಕತೆ ಓದದೇನೇ ಚಿತ್ರ ಬರೆದ್ಯೇನಪ್ಪಾ?"

"ಓದ್ತಾ ಕೂತ್ರೆ ಬರೆಯೋದು ಯಾವಾಗ ಸಾರ್?"

ಗಿಣಿ ವಾಪಸು ಬಂದು ಭುಜದ ಮೇಲೆ ಕೂತಿತು. ಮೂರನೇ ಸಹಿಯೂ ಬಿತ್ತು. ಮೂರು ವರ್ಷ ಸಾಕಿದ ದುಃಖವೆಲ್ಲ ಮಧ್ಯಾಹ್ನದೊಳಗೆ ಕೈಬಿಟ್ಟುಹೋಗಿತ್ತು. ಇರಲಿ, ಹೆಸರಾದರೂ ಉಳಿಯುತ್ತದಲ್ಲ ಎಂದು ತಿದ್ದಪ್ಪನವರು ಸಮಾಧಾನ ಮಾಡಿಕೊಂಡರು.

ನಾಲ್ಕು ಗಂಟೆಗೆ ಯಜಮಾನರು ಓದಿ ಮುಗಿಸಿ ಹುಬ್ಬು ಗಂಟಿಕ್ಕಿದರು. "ತಾಯಿ ಒಳ್ಳೆಯವಳು, ಊರು ಒಳ್ಳೇದು, ಗಿಣೀನೂ ಜೊತೇಲೇ ಇದೆ. ಮತ್ತೆ ಈ ಹುಡುಗನಿಗೆ ರಾಕ್ಷಸ ಆಗೋ ಕರ್ಮ ಏನು ಬಂತ್ರೀ?"

"ಮೊದಲು ಕಾರಣ ಇತ್ತು ಸಾರ್..."

"ಈಗ ಇಲ್ಲವಲ್ಲ. ತಿದ್ದಿ ತನ್ನಿ."

ಆ ಮಾತು ಎಲ್ಲಿ ತಾಗಿತೋ ಏನೋ. ತಿದ್ದಪ್ಪನವರು ಹಸ್ತಪ್ರತಿಯನ್ನು ಎತ್ತಿ ಗೋಡೆಗೆ ಅಪ್ಪಳಿಸಿದರು. "ತಿದ್ದಿ! ತಿದ್ದಿ! ತಿದ್ದಿ! ಇಪ್ಪತ್ತೆರಡು ವರ್ಷ ಎಲ್ಲರಿಗೂ ಹೂಂ ಅಂದೆ! ನಾನೇನು ಮನುಷ್ಯನೋ, ರಬ್ಬರೋ?" ಕುರ್ಚಿ ಮಗುಚಿತು. ಅಂಟಿನ ಡಬ್ಬಿ ಹಾರಿತು. ತಿದ್ದಪ್ಪನವರು ಎಡಗಿವಿಗೆ ದಾರ ಕಟ್ಟಿಕೊಂಡಿದ್ದ ಕನ್ನಡಕ ಮೂಗಿನ ತುದಿಯಲ್ಲಿ ತೂಗಾಡಿತು. ಬೈಂಡಿಂಗ್ ಅಕ್ಕ ಮೇಜಿನಡಿ ಸೇರಿದರು. ಗುಮಾಸ್ತರು ಬಾಗಿಲ ಮರೆಗೆ ಸರಿದರು. ಚಿತ್ರ ಬರೆಯುವವನು ಮಾತ್ರ ಮೂಲೆಯಲ್ಲಿ ನಿಂತು ಪೆನ್ಸಿಲ್ ಕೈಗೆತ್ತಿಕೊಂಡ.

ಸದ್ದಡಗಿದ ಮೇಲೆ ತಿದ್ದಪ್ಪನವರ ಕಣ್ಣಲ್ಲಿ ನೀರು ಬಂತು. ಎಲ್ಲ ಹಾಳು ಮಾಡಿಕೊಂಡೆ ಎಂದು ಅಲ್ಲೇ ಕುಸಿದು ಕೂತರು. ಯಜಮಾನರ ಮುಖ ಮಾತ್ರ ಅರಳಿತ್ತು.

"ಸಿಕ್ಕಿತು ಕಣ್ರೀ ಕಾರಣ! ಹೇಳಿದವರಿಗೆಲ್ಲ ಹೂಂ ಹೂಂ ಅಂತಾನೇ ಬೆಳೆದ ಒಳ್ಳೇ ಹುಡುಗ, ಒಂದು ದಿನ ಹೀಗೆ ರಾಕ್ಷಸನಾದ. ಬರೀರಿ, ಬೇಗ!"

ತಿದ್ದಪ್ಪನವರು ಕೂತಲ್ಲೇ ಬರೆದರು. ಬದುಕಿನಲ್ಲಿ ಅಷ್ಟು ನಿಜವಾದ ಪುಟ ಅವರು ಬರೆದಿರಲಿಲ್ಲ. ಬೈಂಡಿಂಗ್ ಅಕ್ಕ ಓದಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಐದಕ್ಕೆ ಎರಡು ನಿಮಿಷವಿದ್ದಾಗ ನಾಲ್ಕನೇ ಸಹಿಯೂ ಬಿತ್ತು. ಮೂವತ್ತು ವರ್ಷ ಚಿಕ್ಕವರಾದಂತೆ ತಿದ್ದಪ್ಪನವರು ಎದ್ದು ನಿಂತರು.

ಅಷ್ಟರಲ್ಲಿ ಚಿತ್ರ ಬರೆಯುವವನು ಮುಖಪುಟ ತಂದು ಮೇಜಿನ ಮೇಲಿಟ್ಟ. ತಿದ್ದಪ್ಪನವರು ಆಸೆಯಿಂದ ಬಗ್ಗಿ ನೋಡಿದರು. ಕೆಳಗೆ 'ಬರೆದವರು: ನಮ್ಮ ಪ್ರಕಾಶನ ಬಳಗ' ಎಂದಿತ್ತು.

"ಸಾರ್... ನನ್ನ ಹೆಸರು?"

"ನೀವೇ ಯೋಚನೆ ಮಾಡಿ," ಎಂದರು ಯಜಮಾನರು, ಹೆಗಲ ಮೇಲೆ ಕೈಯಿಟ್ಟು. "ತಾಯೀನ ತಿದ್ದಿಸಿದ್ದು ಅಕ್ಕ, ಊರನ್ನ ಗುಮಾಸ್ತರು, ಗಿಣೀನ ಇವನು, ಕೊನೇ ಕಾರಣ ಹುಡುಕಿದ್ದು ನಾನು. ಎಲ್ಲರೂ ಸೇರಿ ಮಾಡಿದ ರಾಕ್ಷಸನಿಗೆ ಒಬ್ಬರ ಹೆಸರು ಹಾಕಿದ್ರೆ ನ್ಯಾಯವೇ?"

ತಿದ್ದಪ್ಪನವರು ಬಾಯಿ ತೆರೆದರು. ಒಳಗಿದ್ದ ಆರ್ಭಟವೆಲ್ಲ ಆಗಲೇ ಖರ್ಚಾಗಿತ್ತು. "ಹೂಂ," ಎಂದರು.

"ಬೇಜಾರು ಮಾಡ್ಕೋಬೇಡಿ. ಹೆಸರು ಇಲ್ದಿದ್ರೇನು, ಚಿತ್ರ ನೋಡಿ."

ನೋಡಿದರು. ರಾಕ್ಷಸ ಕೋರೆಹಲ್ಲು ಕಿರಿದು ಕುರ್ಚಿ ಒದೆಯುತ್ತಿದ್ದ. ಅದೇ ಬೋಳು ಹಣೆ, ಅದೇ ಮೂಗು, ಎಡಗಿವಿಗೆ ದಾರ ಕಟ್ಟಿದ ಅದೇ ಕನ್ನಡಕ. ಕೆಳಗಿನ ಮಹಡಿಯಲ್ಲಿ ಯಂತ್ರ ಶುರುವಾಯಿತು, ಐದು ಸಾವಿರ ಪ್ರತಿಗೆ.