ಸೋದರಮಾವನ ತೊಡೆ

"ಇರುವೆ ಕಚ್ಚಿದ ಹಾಗೆ ಅಷ್ಟೇ ಪುಟ್ಟಿ, ಏನೂ ನೋಯಲ್ಲ" ಎಂದು ವಿಘ್ನೇಶ ಹೇಳದೇ ಇದ್ದಿದ್ದರೆ ಆ ದಿನ ಹೇಗೋ ಕಳೆದುಹೋಗುತ್ತಿತ್ತು.

ಗೋಣಿಬೀಡಿನ ಅಕ್ಕನ ಮನೆಗೆ ಇದೇ ಕೆಲಸಕ್ಕೆ ಅವನು ಬಂದದ್ದು ಮೂರನೇ ಸಲ. ಅಕ್ಕನ ಮಗಳು ಗಾನಶ್ರೀಗೆ ಕಿವಿ ಚುಚ್ಚಿಸಬೇಕು, ಶಾಸ್ತ್ರಕ್ಕೆ ಸೋದರಮಾವನ ತೊಡೆ ಬೇಕು. ಮೊದಲ ಸಲ ಅವಳು ಅಟ್ಟದ ಮೇಲೆ ಅಡಗಿಕೊಂಡಿದ್ದಳು. ಎರಡನೇ ಸಲ ಅಕ್ಕಸಾಲಿ ಗುರುವಯ್ಯನ ಹೆಬ್ಬೆರಳು ಕಚ್ಚಿದ್ದಳು. ವಸ್ತಾರೆ ಶಾಲೆಯಲ್ಲಿ ಒಂದು ಕ್ಲಾಸಿನ ತುಂಬ ಮಕ್ಕಳನ್ನು ಸುಧಾರಿಸುವ ಮೇಷ್ಟ್ರು ವಿಘ್ನೇಶ ಇವಳೊಬ್ಬಳ ಮುಂದೆ ಒದ್ದೆ ಗೋಣಿಚೀಲದಂತೆ ಕುಸಿದು ಕೂತಿದ್ದ.

ಇವತ್ತು ಗಲಾಟೆ ಆಗುವ ಹಾಗೂ ಇರಲಿಲ್ಲ. ಊಟದ ಹೊತ್ತಿಗೆ ಚಿಕ್ಕಮಗಳೂರಿನಿಂದ ರಿಟೈರ್ಡ್ ಹೆಡ್‌ಮಾಸ್ಟರ್ ವೆಂಕಟರಾಮಯ್ಯ ಮಗಳು ಪ್ರೇರಣಾಳನ್ನು ಕರೆದುಕೊಂಡು ಬರುವವರಿದ್ದರು. ಶಾಸ್ತ್ರದ ನೆಪದಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಲಿ ಎಂದು ಅಕ್ಕ ಸುಬ್ಬಲಕ್ಷ್ಮಿಯದೇ ಏರ್ಪಾಡು. ವಿಘ್ನೇಶನಿಗೆ ಸಂಬಂಧಗಳು ಬರುವುದೇ ಅಪರೂಪವಾಗಿತ್ತು. ಹುಡುಗಿಯ ಫೋಟೋ ನೋಡಿದ ಮೇಲೆ ಹೊಸ ಶರ್ಟು ಬೇರೆ ಹೊಲಿಸಿದ್ದ.

"ಏನೂ ನೋಯಲ್ವಾ?" ಗಾನಶ್ರೀ ಕೇಳಿದಳು. "ಹಾಗಾದ್ರೆ ಮೊದಲು ನೀನು ಚುಚ್ಚಿಸ್ಕೋ ಮಾವ."

ಎಲ್ಲರೂ ನಕ್ಕರು. ಗುರುವಯ್ಯ ನಗಲಿಲ್ಲ. "ನಂಗೆ ಮೂಡಿಗೆರೇಲಿ ಇನ್ನೊಂದು ಮನೆಗೆ ಹೋಗ್ಬೇಕು. ಮಗೂದೋ ಮಾವಂದೋ, ಬೇಗ ಒಂದು ಕಿವಿ ಕೊಡಿ."

"ಕೊಡು ಮಾರಾಯ, ಮಗು ಧೈರ್ಯಕ್ಕೆ ಕೇಳ್ತಿದೆ" ಎಂದರು ಪಕ್ಕದ ಮನೆಯ ತುಂಗಮ್ಮ.

ಚಿಕ್ಕವನಿದ್ದಾಗ ಚುಚ್ಚಿದ್ದ ತೂತು ಎಂದೋ ಮುಚ್ಚಿಹೋಗಿತ್ತು. "ಅಕ್ಕ, ಹೆಡ್‌ಮಾಸ್ಟ್ರು ಬರ್ತಾರೆ. ಕಿವೀಲಿ ಓಲೆ ನೋಡಿದ್ರೆ ಏನಂತಾರೆ?"

"ಕೂದಲಲ್ಲಿ ಮುಚ್ಕೊಂಡ್ರಾಯ್ತು."

ಮುಚ್ಚಿಕೊಳ್ಳುವಷ್ಟು ಕೂದಲಿದ್ದಿದ್ದರೆ ಸಂಬಂಧಗಳಿಗೂ ಬರವಿರುತ್ತಿರಲಿಲ್ಲ. ವಿಘ್ನೇಶ ಕಿವಿ ಒಡ್ಡಿದ. ಗುರುವಯ್ಯ ತಂತಿ ಚುಚ್ಚಿದ. ಒಳಗೆ ಸುಣ್ಣದ ಗೂಡಿಗೆ ನೀರು ಬಿದ್ದ ಹಾಗಾಯಿತು. ಗಾನಶ್ರೀ ಅವನ ಮೂಗಿನ ಹತ್ತಿರವೇ ನಿಂತು ಮುಖ ಪರೀಕ್ಷಿಸುತ್ತಿದ್ದಳು.

"ಕಣ್ಣಲ್ಲಿ ನೀರು ಯಾಕೆ ಮಾವ?"

"ಒಲೆ ಹೊಗೆ."

"ಹಾಗಾದ್ರೆ ಆ ಕಿವಿಗೂ ಚುಚ್ಚಿಸ್ಕೋ."

"ಅವಳು ಹೇಳೋದೇ ಸರಿ" ಎಂದರು ತುಂಗಮ್ಮ. "ಒಂದೇ ಕಿವಿ ಆದ್ರೆ ಸಿನಿಮಾದ ಪೋಲಿ ಹುಡುಗರ ಫ್ಯಾಶನ್ನು. ಎರಡೂ ಆದ್ರೆ ಸಂಪ್ರದಾಯ." ಗುರುವಯ್ಯ ಆ ಕಿವಿಗೂ ಚುಚ್ಚಿದ. ತುಂಗಮ್ಮ ಅಷ್ಟಕ್ಕೇ ಬಿಡದೆ ಮನೆಗೆ ಹೋಗಿ, ದೇವಸ್ಥಾನದ ಅರ್ಚಕರಾಗಿದ್ದ ತಮ್ಮ ಗಂಡನ ಕೆಂಪು ಹರಳಿನ ಒಂಟಿಗಳನ್ನು ತಂದು ಅವನ ಎರಡೂ ಕಿವಿಗೆ ತೊಡಿಸಿಯೇ ಬಿಟ್ಟರು.

ಗಾನಶ್ರೀ ತಾನಾಗಿಯೇ ಬಂದು ತೊಡೆಯ ಮೇಲೆ ಕೂತಳು. ಎರಡು ಸಲ ಮುಖ ಹಿಂಡಿದಳು, ಅಳಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತಿತು.

ವೆಂಕಟರಾಮಯ್ಯ ಒಳಗೆ ಬಂದವರು ವಿಘ್ನೇಶನ ಕಿವಿಗಳನ್ನೇ ನೋಡುತ್ತ ನಿಂತರು.

"ನಮ್ಮ ತಂದೆಯವ್ರ ಕಿವೀಲೂ ಹೀಗೇ ಇತ್ತು" ಎಂದರು ಅವರು. "ಈ ಕಾಲದಲ್ಲೂ ಇಂಥ ಹುಡುಗರಿದ್ದಾರೆ ಅಂದ್ಕೊಂಡಿರ್ಲಿಲ್ಲ. ಸಂಧ್ಯಾವಂದನೆ ತಪ್ಪಿಸಲ್ಲ ತಾನೇ? ಹೊರಗಡೆ ತಿಂಡಿ ತಿನ್ನಲ್ಲ ಅಲ್ವಾ?"

ತಲೆ ಅಡ್ಡ ಆಡಿಸಿದರೆ ಕಿವಿ ಸೆಳೆಯುತ್ತಿತ್ತು. ವಿಘ್ನೇಶ ಎಲ್ಲಕ್ಕೂ ಹೂಂಗುಟ್ಟಿದ. ಹಿಂದಿನಿಂದ ಅಕ್ಕನೂ ಹೂಂಗುಟ್ಟಿದಳು. ಊಟ ಮುಗಿಸಿ ಏಳುವಾಗ ವೆಂಕಟರಾಮಯ್ಯ, "ನನ್ನ ಒಪ್ಪಿಗೆ ಇದೆ ಅಂತಲೇ ತಿಳ್ಕೊಳ್ಳಿ" ಎಂದು ಜೀಪು ಹತ್ತಿದರು. ಬಹಳ ದಿನಗಳ ಮೇಲೆ ವಿಘ್ನೇಶನಿಗೆ ಮೈ ಹಗುರಾಯಿತು.

ಪ್ರೇರಣಾ ಮಾತ್ರ ಜಗುಲಿಯಲ್ಲಿ ಹಿಂದುಳಿದು ಸುಬ್ಬಲಕ್ಷ್ಮಿಯ ಕೈ ಹಿಡಿದುಕೊಂಡಳು. ಬಾಗಿಲ ಹಿಂದಿದ್ದ ವಿಘ್ನೇಶನಿಗೆ ಎಲ್ಲ ಕೇಳಿಸುತ್ತಿತ್ತು.

"ತಪ್ಪು ತಿಳ್ಕೋಬೇಡಿ ಅಕ್ಕ. ಸಾಧಾರಣ ಮೇಷ್ಟ್ರು ಅಂತ ನೀವು ಹೇಳಿದ್ರಿ, ಫೋಟೋನೂ ಹಿಡಿಸಿತ್ತು. ಅದಕ್ಕೇ ಬಂದೆ. ಆದ್ರೆ ಅಪ್ಪನ ಮಡಿ ಮೈಲಿಗೇಲಿ ಹುಟ್ಟಿದಾಗಿಂದ ಸಾಕಾಗಿದೀನಿ. ಇನ್ನೊಬ್ಬ ಅಪ್ಪನ್ನ ಕಟ್ಕೊಳ್ಳೋಕೆ ನನ್ನಿಂದ ಆಗಲ್ಲ."

ವಿಘ್ನೇಶ ಒಂಟಿ ಬಿಚ್ಚಲು ಹೋದರೆ ತುಂಗಮ್ಮ ಕೈ ಹಿಡಿದರು. "ಗಾಯ ಆರೋವರೆಗೂ ಮುಟ್ಬೇಡ, ಕೀವು ಆಗತ್ತೆ."

ಸಂಜೆಯ ಬಸ್ಸು ಕಿಕ್ಕಿರಿದಿತ್ತು. ಹೇಗೋ ಹತ್ತಿ ಕಂಬಿ ಹಿಡಿದು ನಿಂತ ವಿಘ್ನೇಶನನ್ನು ಕಂಡಕ್ಟರು ನೋಡಿ, ಮುಂದಿನ ಸೀಟಿನ ಕಾಲೇಜು ಹುಡುಗನನ್ನು ಎಬ್ಬಿಸಿದ.

"ಭಟ್ರೇ, ಬನ್ನಿ, ಇಲ್ಲಿ ಕೂತ್ಕೊಳ್ಳಿ."

ವಿಘ್ನೇಶ ಹೋಗಿ ಕೂತ.