ಅಪ್ಪಟ ಕಟ್ಟಿಗೆಯ ಬ್ಯಾಟು

ಪಾರ್ಸಲ್ ಪೆಟ್ಟಿಗೆಯ ಮೇಲೆ ‘ಬ್ಲೇಡ್’ ಎಂದು ಬರೆದದ್ದೇ ಗೋಳಿನ ಮೂಲವಾಯಿತು.

“ಸೋಮೇಶ ಸರ್, ನಿಮ್ಮ ಗಡ್ಡದ ಬ್ಲೇಡ್ ಬಂದಾವ್ರಿ! ಒಂದ ವರ್ಷದ್ದು ಕೂಡೇ ತರಿಸೀರೇನ್ರಿ?” ಎಂದು ಜವಾನ ಹುಚ್ಚೀರಪ್ಪ ಬಾಗಿಲಿನಿಂದಲೇ ಕೂಗಿದ. ಲಕ್ಷ್ಮೇಶ್ವರದ ಆ ಕಚೇರಿಯ ಒಂಬತ್ತು ಜನರೂ ಕಡತ ಮುಚ್ಚಿ ಎದ್ದು ಬಂದರು.

ಗುಮಾಸ್ತ ಸೋಮೇಶ ನಾಚುತ್ತ ಪೆಟ್ಟಿಗೆ ಒಡೆದ. ಒಳಗಿದ್ದದ್ದು ಟೇಬಲ್ ಟೆನಿಸ್ ಬ್ಯಾಟಿನ ಬರೀ ಕಟ್ಟಿಗೆ. ಆಡುವವರು ಅದಕ್ಕೇ ಬ್ಲೇಡು ಅನ್ನುತ್ತಾರೆ; ರಬ್ಬರು ಅಂಟಿಸಿದ ಮೇಲೆ ಅದು ಬ್ಯಾಟು. ಅಂದು ಸಂಜೆ ನಾಲ್ಕಕ್ಕೆ ಗದಗಿನಲ್ಲಿ ಇಲಾಖೆಯ ಜಿಲ್ಲಾ ಫೈನಲ್ ಇತ್ತು. ಗೆದ್ದವನು ಮೈಸೂರಿಗೆ, ರಾಜ್ಯಮಟ್ಟದ ಪಂದ್ಯಕ್ಕೆ. ಸೋಮೇಶ ಆರು ವರ್ಷ ಫೈನಲ್ ಮುಟ್ಟಿ, ಆರು ವರ್ಷವೂ ಜಿಲ್ಲಾ ಕಚೇರಿಯ ಸಿದ್ದಾರೂಢನ ಕೈಯಲ್ಲಿ ಸೋತು, ಎರಡನೆಯ ಬಹುಮಾನವೆಂದು ಒಂದೊಂದು ಸ್ಟೀಲ್ ಡಬ್ಬಿ ತಂದಿದ್ದ. “ಈ ಸಲ ಡಬ್ಬಿ ತರಬ್ಯಾಡ್ರಿ, ಇಡಾಕ ಜಾಗಾ ಇಲ್ಲ” ಎಂದು ಹೆಂಡತಿ ರೋಜಾ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು.

“ಇದರಾಗ ಕಾರ್ಬನ್ ಇಲ್ಲೇನ್ರಿ ಸರ್?” ಟೈಪಿಸ್ಟ್ ಸುಶ್ಮಿತಾ ಕೇಳಿದಳು. ಕಾಲೇಜಿನಲ್ಲಿ ಆಡಿದವಳು; ಕಟ್ಟಿಗೆಯ ಪದರಗಳ ನಡುವೆ ಕಾರ್ಬನ್ ನಾರು ಸೇರಿಸಿದರೆ ಚೆಂಡಿಗೆ ವೇಗ ಹೆಚ್ಚು ಎಂಬುದು ಅವಳಿಗೆ ಗೊತ್ತಿತ್ತು.

“ಇಲ್ರಿ. ಅಪ್ಪಟ ಕಟ್ಟಿಗಿ. ಐದು ಪದರ.”

“ಅಯ್ಯ!” ಎಂದಳು, ನಾಡಿ ಸಿಗದ ಡಾಕ್ಟರರ ಹಾಗೆ. “ಸಿದ್ದಾರೂಢ ಸರ್ ಕಡೆ ಕಾರ್ಬನ್ ಐತ್ರಿ. ಚೆಂಡು ಗುಂಡು ಬಂದಂಗ ಬರತೈತಿ.” ಮೊಬೈಲು ತೆಗೆದು, ಸೋಮೇಶನ ಬ್ಲೇಡಿನ ಬಗ್ಗೆ ಊರೂರಿನ ಆಟಗಾರರು ಬರೆದದ್ದನ್ನು ಓದತೊಡಗಿದಳು. “ಪುಣೇದಾಂವ ಒಬ್ಬ, ‘ಬೆಣ್ಣಿ ಇದ್ದಂಗ ಐತಿ’ ಅಂದಾನ್ರಿ. ಕೊಲ್ಕತ್ತಾದಾಂವ, ‘ಬೆಣ್ಣಿ ಇದ್ದಂಗ ಐತಿ, ಅದಕ್ಕ ಮಾರಿಬಿಟ್ಟೆ’ ಅಂದಾನ. ಇನ್ನೊಬ್ಬಾಂವ, ‘ಮೂರು ತಿಂಗಳು ಆಡಿ ಹೇಳ್ತೀನಿ’ ಅಂದಾನ್ರಿ. ನಾಕು ವರ್ಷ ಆತು, ಹೇಳಿಲ್ಲ.”

“ಏನಾತೋ ಏನೋ, ಪಾಪ,” ಎಂದು ಹುಚ್ಚೀರಪ್ಪ ನಿಟ್ಟುಸಿರಿಟ್ಟ. ಅವನಪ್ಪ ಎತ್ತಿನ ಚಕ್ಕಡಿ ಮಾಡುತ್ತಿದ್ದವನು. ಬ್ಲೇಡನ್ನು ಮೂಸಿದ, ಬೆರಳಿನಿಂದ ಬಡಿದ, ಕಿವಿಗೆ ಹಿಡಿದ. “ಸಾಗವಾನಿ ಅಲ್ಲ, ಜಾಲಿ ಅಲ್ಲ, ಬೇವೂ ಅಲ್ಲ. ಇದಕ್ಕ ಹುಳ ಹತ್ತತೈತ್ರಿ ಸರ್.”

“ಯಾವಾಗ?”

“ಸಂಜೀ ತನಕಾ ತಡೀಬಹುದ್ರಿ.”

ಹಳೆಯ ಬ್ಯಾಟೇ ವಾಸಿಯೇನೋ ಎಂದು ಸೋಮೇಶನಿಗೆ ಅನ್ನಿಸುವ ಹೊತ್ತಿಗೆ ಹೊತ್ತು ಮೀರಿತ್ತು. ಅದರ ರಬ್ಬರು ಕೀಳುವಾಗ ಹಿಡಿಯೂ ಕಿತ್ತು ಕೈಗೆ ಬಂದಿತ್ತು. ಆ ರಬ್ಬರನ್ನೇ ಹೊಸ ಕಟ್ಟಿಗೆಗೆ ಅಂಟಿಸಿದ. “ಭಾರ ಹೇರಬೇಕ್ರಿ,” ಎಂದು ಹುಚ್ಚೀರಪ್ಪ ಅದನ್ನು ಹಳೆಯ ಕಡತಗಳ ಗಂಟಿನೊಳಗೆ ತುರುಕಿದ. ಮಧ್ಯಾಹ್ನ ಒಂದು ಗಂಟೆಗೆ ಕೇಳಿದರೆ ಯಾವ ಗಂಟು ಎಂಬುದೇ ಅವನಿಗೆ ಮರೆತಿತ್ತು. ಮೂವತ್ತೆಂಟು ಗಂಟು ಬಿಚ್ಚಿದ ಮೇಲೆ ಬ್ಯಾಟು ಸಿಕ್ಕಿತು. ಒಂದು ಮಗ್ಗುಲಿಗೆ ಹಳೆಯ ಸುತ್ತೋಲೆ ಅಂಟಿಕೊಂಡಿತ್ತು. ಅದನ್ನು ಕೆರೆದು ತೆಗೆದು ಸೋಮೇಶ ಬಸ್ಸಿಗೆ ಓಡಿದ.

ಬಸ್ಸಿನಲ್ಲಿ ಪಕ್ಕಕ್ಕೆ ಅಡರಕಟ್ಟಿಯ ಫಕ್ಕೀರವ್ವ ಎಂಬ ಮುದುಕಿ ಕೂತಿದ್ದಳು. ಬ್ಯಾಟನ್ನು ಕೇಳಿ ಇಸಿದುಕೊಂಡು ಗಾಳಿ ಬೀಸಿಕೊಳ್ಳತೊಡಗಿದಳು.

“ಇದರ್ಲೆ ಏನ್ ಬಡೀತೀಯೋ ತಮ್ಮಾ?”

“ಚೆಂಡು ಬಡೀತೀನಬೇ.”

“ಈ ವಯಸ್ಸಿನ್ಯಾಗ?” ಎಂದವಳು ಮತ್ತಷ್ಟು ಜೋರಾಗಿ ಬೀಸಿಕೊಂಡಳು. “ಗಾಳಿ ಸಣ್ಣದು ಬರತೈತಿ. ಪ್ಲಾಸ್ಟಿಕಿಂದು ತಗೋಬೇಕಾಗಿತ್ತು.”

ಮುಳಗುಂದದ ಹತ್ತಿರ ಡ್ರೈವರ್ ಬ್ರೇಕು ಹಾಕಿದ. ಬ್ಯಾಟು ಹಾರಿ ಕೆಳಗೆ ಬಿತ್ತು, ಯಾರದೋ ಕಾಲು ಅದರ ಮೇಲೆ ಬಿತ್ತು, ರಬ್ಬರಿನ ಅಂಚು ಬಾಯಿ ಬಿಟ್ಟಿತು. ಸೋಮೇಶನ ಮುಖ ಸಣ್ಣದಾದದ್ದನ್ನು ನೋಡಿ ಫಕ್ಕೀರವ್ವನ ಕರುಳು ಚುರುಕ್ ಅಂದಿತು. “ತಾ ಇಲ್ಲೆ, ನನ್ನ ಬುಡಕ ಇಡು,” ಎಂದವಳು ಗದಗ ಬರುವವರೆಗೂ ಅದರ ಮೇಲೆ ಅಲುಗಾಡದೆ ಕೂತಳು. ಇಳಿಯುವಾಗ ರಬ್ಬರು ಗಟ್ಟಿಯಾಗಿ ಹತ್ತಿತ್ತು.

ಜಿಲ್ಲಾ ಕಚೇರಿಯ ಹಾಲಿನಲ್ಲಿಯೂ ಎಲ್ಲರೂ ಬ್ಯಾಟು ನೋಡುವವರೇ. “ಕಾರ್ಬನ್ ಇಲ್ಲಂತ,” “ಬರೀ ಕಟ್ಟಿಗಿ ಅಂತ,” ಎಂದು ಪಿಸುಗುಟ್ಟಿದರು. ಸಿದ್ದಾರೂಢ ಅದನ್ನು ತೂಗಿ ನೋಡಿ ವಾಪಸು ಕೊಟ್ಟ. “ಇರ್ಲಿ ಬಿಡ್ರಿ ಸರ್,” ಎಂದ, ಸಮಾಧಾನ ಹೇಳುವವನಂತೆ.

ಆದರೆ ಆಟ ಶುರುವಾದ ಮೇಲೆ ಬೇರೆಯೇ ಆಯಿತು. ವರ್ಷವಿಡೀ ಬೆಳಗಿನ ಜಾವ ಕಚೇರಿಯ ಗೋಡೆಗೆ ಚೆಂಡು ಹೊಡೆದು ಹೊಡೆದು ಸೋಮೇಶನಿಗೆ ತಾಳ್ಮೆ ಬಂದಿತ್ತು. ಈಗ ಚೆಂಡು ಕಟ್ಟಿಗೆಗೆ ತಾಗಿದ್ದು ಅಂಗೈಗೇ ತಿಳಿಯುತ್ತಿತ್ತು. ಮೆತ್ತಗೆ, ಮೂಲೆಗೆ, ಮತ್ತೆ ಮೆತ್ತಗೆ ಕಳಿಸಿದ. ಸಿದ್ದಾರೂಢ ಚೆಂಡು ಬರುವ ಮೊದಲೇ ಹೊಡೆದು ಮುಗಿಸುತ್ತಿದ್ದ. ಐದನೆಯ ಗೇಮು, ಹನ್ನೊಂದು–ಒಂಬತ್ತು. ಸೋಮೇಶ ಗೆದ್ದ.

ಬ್ಯಾಟನ್ನು ಟೇಬಲ್ ಮೇಲಿಟ್ಟು ಅವನು ಎರಡೂ ಕೈ ಎತ್ತಿದ. ಕಣ್ಣು ತುಂಬಿ ಬಂದವು. ಜನ ನುಗ್ಗಿ ಬಂದರು. ಎತ್ತಿಕೊಳ್ಳುತ್ತಾರೆಂದು ಅವನು ಮೈ ಸಡಿಲ ಬಿಟ್ಟ. ಜನ ಅವನನ್ನು ದಾಟಿಕೊಂಡು ಹೋಗಿ ಬ್ಯಾಟನ್ನು ಎತ್ತಿದರು.

“ಸಿದ್ದಾರೂಢನಂಥಾಂವನ್ನ ಸೋಲಿಸೈತಿ ಅಂದ್ರ ಇದೇನ ಸಾಮಾನ್ಯ ಕಟ್ಟಿಗಿ ಅಲ್ಲ!” ಎಂದರು ಜಿಲ್ಲಾ ಸಾಹೇಬರು.

“ಖರೇ ಹೇಳ್ತೀನ್ರಿ ಸಾಹೇಬ್ರ,” ಸಿದ್ದಾರೂಢ ಬೆವರು ಒರೆಸಿಕೊಂಡ. “ಸೋಮೇಶ ಸರ್ ಹ್ವಾದ ವರ್ಷದಂಗನ ಆಡಿದ್ರು. ನಾ ಸೋತದ್ದು ಬ್ಯಾಟಿಗೆ.”

ಆಯ್ಕೆ ಸಮಿತಿ ಅಲ್ಲೇ ಮೂಲೆಯಲ್ಲಿ ಚಹಾ ಕುಡಿಯುತ್ತ ಸಭೆ ಸೇರಿತು. ಚಹಾ ಮುಗಿಯುವಷ್ಟರಲ್ಲಿ ತೀರ್ಮಾನವೂ ಆಯಿತು.

“ನೋಡ್ರಿ, ಜಿಲ್ಲಾದ ಮರ್ಯಾದಿ ಪ್ರಶ್ನೆ,” ಎಂದರು ಸಾಹೇಬರು. “ಸಿದ್ದಾರೂಢನಂಥಾ ಚೊಲೊ ಆಟಗಾರ ಅದಾನ, ಚೊಲೊ ಬ್ಯಾಟ್ ಐತಿ. ಎರಡೂ ಕೂಡಿಸಿ ಮೈಸೂರಿಗೆ ಕಳಸೂನು.”

“ಗೆದ್ದಾಂವ ನಾನಲ್ಲೇನ್ರಿ ಸಾಹೇಬ್ರ…”

“ಗೆದ್ದದ್ದು ಬ್ಯಾಟ್ರಿ, ಸೋಮೇಶ. ಮಾಲಕರು ನೀವು. ಹೆಮ್ಮಿ ಅನಸೂದಿಲ್ಲೇನು?”

ಅವನು ಬಾಯಿ ತೆರೆಯುವ ಮೊದಲೇ ಅವನ ದೊಡ್ಡ ಮನಸ್ಸಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಸಿದ್ದಾರೂಢ ಅಪ್ಪಿಕೊಂಡ.

ಆದೇಶ ಅಂದೇ ಹೊರಡಬೇಕಿತ್ತು. ಅಲ್ಲಿಯ ಟೈಪಿಸ್ಟ್ ರಜೆಯಲ್ಲಿದ್ದ. “ನಿಮ್ಮ ಅಕ್ಷರ ದುಂಡಗ ಅದಾವಂತಲ್ಲ, ಕುಂಡ್ರಿ,” ಎಂದು ಸಾಹೇಬರು ಸೋಮೇಶನ ಕೈಗೇ ಹಾಳೆ ಕೊಟ್ಟರು. ಒದ್ದೆ ಬನಿಯನ್ನಿನಲ್ಲಿಯೇ ಅವನು ಆಟದ ಟೇಬಲ್ಲಿಗೆ ಬಾಗಿ, ಅವರು ಹೇಳಿದಂತೆ ಬರೆದ:

‘ಸದರಿ ಬ್ಯಾಟನ್ನು ನಾಲ್ಕು ದಿನಗಳ ಮಟ್ಟಿಗೆ ಮೈಸೂರಿಗೆ ನಿಯೋಜಿಸಿ ಆದೇಶಿಸಲಾಗಿದೆ. ಬ್ಯಾಟಿನ ಮಾಲಕರು ಈ ಅವಧಿಯಲ್ಲಿ ಎಂದಿನಂತೆ ಕಚೇರಿಗೆ ಹಾಜರಾಗತಕ್ಕದ್ದು.’

ಸಾಹೇಬರು ಎರಡು ಸಲ ಓದಿ ತಲೆಯಾಡಿಸಿದರು.

“‘ಎಂದಿನಂತೆ’ ಅನ್ನೂದರ ಕೆಳಗ ಒಂದ ಗೆರಿ ಹೊಡೀರಿ,” ಎಂದರು.

ಸೋಮೇಶ ಗೆರೆ ಎಳೆದ.