ಕೆಲ್ಟಿಕ್ ಪದಗಳೂ ನನ್ನ ಗುರುವಾರದ ಹಾಜರಿಯೂ

ಸುಳ್ಳು ಹಾಜರಿ ಹಾಕುವುದರಲ್ಲಿ ನಾನು ಒಂದು ಕಾಲಕ್ಕೆ ಎತ್ತಿದ ಕೈ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಪೂರ್ತಿ ನಾಚಿಕೆಯಿಂದಲೂ ಹೇಳುತ್ತಿಲ್ಲ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ನಮ್ಮ ಬೆಂಚಿನ ನಾಲ್ವರು ಹುಡುಗಿಯರಲ್ಲಿ ಒಬ್ಬಳು ತರಗತಿಯಲ್ಲಿದ್ದರೆ ನಾಲ್ವರೂ ಇದ್ದಂತೆ. ಉಳಿದವರು ಸಿನಿಮಾಕ್ಕೆ ಹೋದ ದಿನ ನಾನೊಬ್ಬಳೇ ನಾಲ್ಕು ಗಂಟಲಲ್ಲಿ ‘ಪ್ರೆಸೆಂಟ್ ಸಾರ್’ ಅನ್ನುತ್ತಿದ್ದೆ. ಸುಮಾಳಿಗೆ ನೆಗಡಿಯಾಗಿದ್ದರೆ ಅವಳ ಪಾಲಿನ ‘ಪ್ರೆಸೆಂಟ್’ ಅನ್ನು ಮೂಗು ಕಟ್ಟಿದ ದನಿಯಲ್ಲೇ ಹೇಳುವಷ್ಟು ಪ್ರಾಮಾಣಿಕತೆ ನನ್ನಲ್ಲಿತ್ತು. ಇದಕ್ಕೆ ನಾವು ಪ್ರಾಕ್ಸಿ ಎನ್ನುತ್ತಿದ್ದೆವು. ಡಿಗ್ರಿಯಲ್ಲಿ ಕಲಿತ ಮಿಕ್ಕಿದ್ದೆಲ್ಲ ಮರೆತುಹೋಗಿ, ಇದೊಂದೇ ವಿದ್ಯೆ ಕೈಯಲ್ಲಿ ಉಳಿದಿತ್ತು. ನಲವತ್ತೈದು ದಾಟಿದ ಮೇಲೆ, ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ, ಅದು ತಿರುಗಿ ಬಂದು ನನ್ನ ಕೆನ್ನೆಗೇ ಬಾರಿಸುತ್ತದೆಂದು ಯಾರಿಗೆ ಗೊತ್ತಿತ್ತು!

ನನ್ನ ಮಗಳು ಅನನ್ಯಾಗೆ ಗುರುವಾರ ಸಂಜೆ ಹ್ಯಾಂಡ್‌ಬಾಲ್ ಅಭ್ಯಾಸ. ಅವಳನ್ನು ಬಿಟ್ಟು ಮನೆಗೆ ಹೋಗಿ ಮತ್ತೆ ಬರುವಷ್ಟು ಹೊತ್ತು ಇರುವುದಿಲ್ಲ. ಅಲ್ಲೇ ಕೂತು “ಹೊಡಿ ಪುಟ್ಟಾ, ಹೊಡಿ!” ಎಂದು ಕೂಗೋಣವೆಂದರೆ, ಅವಳು ಮೈದಾನದ ನಡುವಿನಿಂದಲೇ “ಮಮ್ಮಾ, ಸ್ಲೂತಾ!” ಎಂದು ಕಣ್ಣು ಕೆಕ್ಕರಿಸುತ್ತಾಳೆ. ಸಾಕು ನಿಲ್ಲಿಸು ಎನ್ನುವುದಕ್ಕೆ ಸ್ವೀಡಿಶ್ ಮಾತು ಏನೆಂದು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದೇ ನನಗೆ ಕಲಿಸಿದ್ದು ಹೀಗೆ. ಹೊರಗೆ ನವೆಂಬರಿನ ಚಳಿ. ಪಕ್ಕದ ಲೈಬ್ರರಿ ಬೆಚ್ಚಗಿತ್ತು, ಅದರ ಹಿಂದಿನ ಕೋಣೆಯಿಂದ ಕಾಫಿ ಮತ್ತು ಏಲಕ್ಕಿ ಬನ್ನಿನ ವಾಸನೆ ಬರುತ್ತಿತ್ತು. ಮೂಗು ಎಳೆದತ್ತ ಹೋದೆ.

ಒಳಗೆ ಒಬ್ಬ ಮುದುಕರು, ಒಬ್ಬ ಹೆಣಿಗೆ ಹಾಕುತ್ತಿದ್ದ ಅಜ್ಜಿ. ಹಲಗೆಯ ಮೇಲೆ ‘ಕೆಲ್ಟಿಕ್ ಪದಗಳು ಮತ್ತು ಯುರೋಪಿನಲ್ಲಿ ಅವುಗಳ ನೆಂಟರು’ ಎಂದು ಬರೆದಿತ್ತು. ಇಲ್ಲಿನವರಿಗೆ ಸಂಜೆ ಹೊತ್ತು ಗುಂಪು ಕಟ್ಟಿಕೊಂಡು ಏನಾದರೂ ಕಲಿಯುವ ಚಟ; ಅಣಬೆ ಗುರುತಿಸುವುದಕ್ಕೂ ಒಂದು ಸ್ಟಡಿ ಸರ್ಕಲ್ಲು, ಅಜ್ಜನ ವಂಶಾವಳಿ ಹುಡುಕುವುದಕ್ಕೂ ಒಂದು. ನನ್ನನ್ನು ನೋಡಿದ್ದೇ ಮುದುಕರು ಮುಖ್ಯ ಅತಿಥಿ ಬಂದಂತೆ ಎದ್ದು ನಿಂತರು. “ಬಾ, ಕೂತ್ಕೋ. ನೀನು ಮೂರನೆಯವಳು!” ಎಂದರು. ಹಾಜರಿ ಪಟ್ಟಿಯಲ್ಲಿ ವಾರವಾರವೂ ಮೂರು ಸಹಿ ಇರಲೇಬೇಕಂತೆ. ಇಲ್ಲದಿದ್ದರೆ ಆ ಸಂಜೆ ನಡೆದೇ ಇಲ್ಲವೆಂದು ಲೆಕ್ಕ. ಹೀಗೆ ಕೆಲವು ಸಂಜೆ ತಪ್ಪಿದರೆ ಸರ್ಕಲ್ ಬಂದ್, ಕೋಣೆಯೂ ವಾಪಸ್. ಬನ್ನಿನ ಋಣ ದೊಡ್ಡದು. ಕನ್ನಡದಲ್ಲಿ ‘ವಿಶಾಲಾಕ್ಷಿ’ ಎಂದು ಸಹಿ ಹಾಕಿದೆ. ನನ್ನ ಸಹಿ ಎಲ್ಲ ದೇಶದಲ್ಲೂ ಕನ್ನಡದಲ್ಲೇ. ಅಷ್ಟಾದರೂ ಅಭಿಮಾನ ಬೇಡವೇ? ಮುದುಕರು ಕನ್ನಡಕ ಮೇಲೆತ್ತಿ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

ಅವರ ಹೆಸರು ಬಿರ್ಗರ್, ಅಜ್ಜಿಯ ಹೆಸರು ಗುನ್ನೆಲ್. ಈ ದೇಶದಲ್ಲಿ ದೊಡ್ಡವರು ಚಿಕ್ಕವರು ಎಲ್ಲರಿಗೂ ಏಕವಚನ, ಎಲ್ಲರನ್ನೂ ಬರೀ ಹೆಸರಿನಿಂದ ಕರೆಯಬೇಕು. ಎಂಬತ್ತು ಸಮೀಪಿಸಿದವರನ್ನು ‘ಏ ಬಿರ್ಗರ್’ ಎಂದು ಕರೆಯುವಾಗಲೆಲ್ಲ ನಾನು ಮನಸ್ಸಿನಲ್ಲೇ ಒಂದು ‘ನೀವು’ ಸೇರಿಸಿಕೊಳ್ಳುತ್ತಿದ್ದೆ. ಬಿರ್ಗರ್ ಪ್ರೊಫೆಸರ್ ಅಲ್ಲ, ಜೀವನವಿಡೀ ಇದೇ ಊರಿನ ಒಂದು ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತವರು. ಎಡಗೈಯ ಎರಡು ಬೆರಳಿಗೆ ತುದಿ ಇರಲಿಲ್ಲ. ಆ ಮೊಂಡು ಬೆರಳಿನಿಂದ ಕೋಣೆಯ ಹೀಟರನ್ನು ತಟ್ಟಿ ಪಾಠ ಶುರು ಮಾಡುತ್ತಿದ್ದರು. “ಇದು ಕಬ್ಬಿಣ. ನಾವು ಯಾರ್ನ್ ಅಂತೀವಿ, ಐರಿಷಿನವರು ಇಯಾರನ್ ಅಂತಾರೆ. ಇಡೀ ಊರು ನೂರಾರು ವರ್ಷ ಕಬ್ಬಿಣ ಕಾಯಿಸಿ ಬಡೀತು; ಆ ಹೆಸರು ಐರಿಷಿನವರ ಹಿರೀಕರಾದ ಕೆಲ್ಟರಿಂದ ತಂದಿದ್ದು ಅಂತ ಮಾತ್ರ ಒಬ್ಬರಿಗೂ ಗೊತ್ತಿಲ್ಲ!” ಎಸ್ಕಿಲ್‌ಸ್ಟುನಾದ ಟುನಾ, ಇಂಗ್ಲಿಷಿನ ಟೌನ್, ಐರಿಷಿನಲ್ಲಿ ಕೋಟೆಯೆಂಬ ಅರ್ಥದ ಡೂನ್, ಎಲ್ಲ ಒಂದೇ ಮನೆಯವಂತೆ. ಇಲ್ಲಿ ಡಾಕ್ಟರಿಗೆ ಹೇಳುವ ಲೇಕಾರೆಗೂ ಕೆಲ್ಟಿಕ್ ನೆಂಟಸ್ತಿಕೆ. ಐರಿಷಿನಲ್ಲಿ ರಾಜನಿಗೆ ‘ರೀ’ ಎನ್ನುತ್ತಾರೆ, ಅದು ನಿಮ್ಮ ಸಂಸ್ಕೃತದ ರಾಜನಿಗೂ ಬಂಧು ಎಂದರು ಒಮ್ಮೆ. “ನಾನು ಇಪ್ಪತ್ತು ವರ್ಷದಿಂದ ಗಂಡನ್ನ ರೀ ಅಂತಲೇ ಕರೀತಿದೀನಿ, ರಾಣಿಯೋಗ ಮಾತ್ರ ಬರಲಿಲ್ಲ” ಎಂದೆ. ಬಿರ್ಗರ್ ಬಿದ್ದು ಬಿದ್ದು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, “ಆದರೆ ನಿನ್ನ ಈ ‘ರೀ’ ಆಕಸ್ಮಿಕ. ನೆಂಟಸ್ತಿಕೆ ಅಂತ ಬರ್ಕೋಬೇಡ” ಎಂದು ಎಚ್ಚರಿಸಿದರು. ಇಲ್ಲದ ನೆಂಟಸ್ತಿಕೆ ಕಟ್ಟುವುದನ್ನು ಅವರು ಒಪ್ಪುತ್ತಿರಲಿಲ್ಲ.

ಲೇತಿನ ಮನುಷ್ಯನಿಗೆ ಈ ಹುಚ್ಚು ಎಲ್ಲಿಂದ ಹತ್ತಿತೆಂದು ನನಗೆ ಹೇಳಿದ್ದು ಗುನ್ನೆಲ್. ಬಿರ್ಗರ್ ಕಪ್ಪು ತೊಳೆಯಲು ಹೋಗಿದ್ದಾಗ, ಹೆಣಿಗೆಯಿಂದ ಕಣ್ಣೆತ್ತದೆ ಮೆಲ್ಲಗೆ ಹೇಳಿದರು. “ಅವನ ಹೆಂಡತಿ ನೋರಾ ಐರ್ಲೆಂಡಿನವಳು. ಇಲ್ಲೇ ಆಸ್ಪತ್ರೆಯಲ್ಲಿ ನರ್ಸಾಗಿದ್ಲು. ಮನೆಮಾತು ಐರಿಷು. ಮಕ್ಕಳಿಲ್ಲ, ಮನೇಲಿ ಇಬ್ಬರೇ. ಅವಳ ಪದ ಇವನು ಕಲಿಯೋದು, ಇವನ ಪದ ಅವಳು, ಮೂರು ಹೊತ್ತೂ ಅದೇ ಆಟ. ಅವಳು ತೀರಿಹೋದ ಮೇಲೆ ಒಂದು ವರ್ಷ ಇವನು ಬಾಯೇ ಬಿಡಲಿಲ್ಲ. ಆಮೇಲೆ ಈ ಸರ್ಕಲ್ ಮಾಡಿದ. ಇದೂ ನಿಂತುಹೋದ್ರೆ ಮತ್ತೆ ಬಾಯಿ ಮುಚ್ಕೋತಾನೆ.” ಅಲ್ಲಿಯವರೆಗೆ ನಾನು ಅಲ್ಲಿಗೆ ಹೋಗುತ್ತಿದ್ದದ್ದು ಚಳಿಗೆ.

ಆಮೇಲಿನ ಒಂದು ಗುರುವಾರ ಅವರು ‘ಆರ್ವ್’ ಎಂಬ ಪದ ತೆಗೆದರು. ಸ್ವೀಡಿಶಿನಲ್ಲಿ ಅದು ಹಿರಿಯರು ಬಿಟ್ಟುಹೋಗುವ ಆಸ್ತಿ. ಹಳೆಯ ಐರಿಷಿನಲ್ಲಿ ಅದಕ್ಕೇ ‘ಓರ್ಬ್’. ಗ್ರೀಕಿಗೆ ಹೋದರೆ ತಂದೆತಾಯಿ ಇಲ್ಲದ ಅನಾಥ. ಇಂಗ್ಲಿಷಿನ ಆರ್ಫನ್ ಬಂದಿದ್ದು ಅಲ್ಲಿಂದ. ಒಂದೇ ಬೇರು, ಒಬ್ಬರಿಗೆ ಆಸ್ತಿ, ಇನ್ನೊಬ್ಬರಿಗೆ ತಬ್ಬಲಿತನ. “ನಿಮ್ಮ ಕಡೆ ಏನಾದ್ರೂ ಇದೆಯಾ?” ಎಂದು ನನ್ನತ್ತ ನೋಡಿದರು. ನನಗೆ ಥಟ್ಟನೆ ನಮ್ಮಪ್ಪ ನೆನಪಾದರು. ಅವರು ಮೇಷ್ಟ್ರು, ಲೆಕ್ಕ ತಪ್ಪಿದರೆ “ಅರ್ಭಕ ಮುಂಡೇದೇ” ಎಂದು ಬೈಯುತ್ತಿದ್ದರು. “ಅರ್ಭಕ ಅಂತ ಇದೆ. ಚಿಕ್ಕ ಮಗು ಅಂತ ಅರ್ಥ. ಸಂಸ್ಕೃತದ್ದು” ಎಂದೆ. ಬಿರ್ಗರ್ ಓಡಿಹೋಗಿ ದಪ್ಪ ನಿಘಂಟೊಂದನ್ನು ತಂದು, ಹುಡುಕಿ, ಹಾಳೆಯ ಮೇಲೆ ಬೆರಳಿಟ್ಟು ಕೂತುಬಿಟ್ಟರು. ಅದು ಅಸಲಿ ನೆಂಟಸ್ತಿಕೆಯೇ ಆಗಿತ್ತು. “ನೋರಾ ಇದನ್ನ ಕೇಳ್ಬೇಕಿತ್ತು” ಎಂದರು. ಅವರ ಬಾಯಿಂದ ನಾನು ಆ ಹೆಸರು ಕೇಳಿದ್ದು ಅದೊಂದೇ ಸಲ.

ಇಂಥವರ ಮುಂದೆ ನನ್ನ ಹಳೆಯ ವಿದ್ಯೆ ತೋರಿಸಿದ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಗುನ್ನೆಲ್‌ಗೆ ಒಂದು ವಾರ ಜ್ವರ. ಪಟ್ಟಿಯಲ್ಲಿ ಎರಡೇ ಸಹಿ. ಬಿರ್ಗರ್ ಮುಖ ಸಪ್ಪಗಾಗಿದ್ದು ನೋಡಲಾರದೆ, ಅವರು ಕಾಫಿ ಬಗ್ಗಿಸುವಷ್ಟರಲ್ಲಿ ನಾನು ಗುನ್ನೆಲ್ ಸಹಿಯನ್ನು ಅವರ ಬಾಗಿದ ಅಕ್ಷರದಲ್ಲೇ ಹಾಕಿಬಿಟ್ಟೆ. ಪರೋಪಕಾರಾರ್ಥಂ ಎಂದು ಬೀಗಿಕೊಂಡೂ ಕೂತೆ. ಬಿರ್ಗರ್ ಅದನ್ನು ನೋಡಿ ಕಿವಿಯವರೆಗೆ ಕೆಂಪಾದರು. ಸ್ಕೇಲು ತಂದರು. ಗುನ್ನೆಲ್ ಹೆಸರಿನ ಮೇಲೆ ಅಳೆದು ಒಂದು ನೇರ ಗೆರೆ ಎಳೆದರು. “ಬರದೇ ಇದ್ದವರನ್ನ ಬಂದರು ಅಂತ ಬರೆಯಬಾರದು, ವಿಶಾಲಾಕ್ಷಿ” ಎಂದರು, ಅಷ್ಟೆ. ಆಫೀಸಿನಲ್ಲಿ ಎಲ್ಲರಿಗೂ ನಾನು ಬರೀ ‘ವಿಶ್’. ಹೆಸರು ಪೂರ್ತಿ ಕರೆಯುತ್ತಿದ್ದದ್ದು ಈ ಊರಿನಲ್ಲಿ ಅವರೊಬ್ಬರೇ. ಸುತ್ತ ಮೈಲಿಗಟ್ಟಲೆ ಗಾಡಿಯಿಲ್ಲದಿದ್ದರೂ ಕೆಂಪು ದೀಪಕ್ಕೆ ನಿಂತು ಕಾಯುವ ಮನುಷ್ಯ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ವಸಂತ ಬರುವ ಹೊತ್ತಿಗೆ ಅನನ್ಯಾ ಹ್ಯಾಂಡ್‌ಬಾಲ್ ಬಿಟ್ಟಳು. ಗುರುವಾರ ಪೇಟೆಗೆ ಹೋಗುವ ಕಾರಣ ತಪ್ಪಿತು. ಕೊನೆಯ ದಿನ ಕೋಟು ಹಾಕಿಕೊಳ್ಳುತ್ತ, “ಮುಂದಿನ ಗುರುವಾರ ಖಂಡಿತ ಬರ್ತೀನಿ” ಎಂದೆ. ನಮ್ಮಲ್ಲಿ ಇದನ್ನು ಹೇಗೆ ಕೇಳಿಸಿಕೊಳ್ಳಬೇಕೆಂದು ಎಲ್ಲರಿಗೂ ಗೊತ್ತು. ಮದುವೆಯ ಕರೆಯೋಲೆ ಕೊಟ್ಟವರಿಗೆ ‘ಖಂಡಿತ ಬರ್ತೀವಿ’ ಎಂದು ನಾವು ಅರಿಶಿನ ಕುಂಕುಮ ಕೊಟ್ಟು ಕಳಿಸುತ್ತೇವೆ, ಅವರೂ ನಂಬುವುದಿಲ್ಲ, ನಾವೂ ಹೋಗುವುದಿಲ್ಲ, ಯಾರಿಗೂ ಬೇಜಾರಿಲ್ಲ. ಆ ಮಾತನ್ನು ನಾನು ಸ್ವೀಡಿಶಿನಲ್ಲಿ, ಒಬ್ಬ ಸ್ವೀಡಿಶ್ ಮುದುಕರಿಗೆ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ. ಮೊದಲ ವಾರ ತಲೆನೋವು. ಎರಡನೇ ವಾರ ಊರಿಂದ ಅತ್ತೆಯ ಫೋನು. ಮೂರನೇ ವಾರದಿಂದ ಹೋಗಲು ನಾಚಿಕೆಯಾಯಿತು. ನಾಚಿಕೆಗೆ ಒಂದು ಸ್ವಭಾವವಿದೆ, ವಾರ ಕಳೆದಂತೆ ಅದು ಬೆಳೆಯುತ್ತದೆ. ಬಿರ್ಗರ್ ಫೋನ್ ಮಾಡಲಿಲ್ಲ. ಇಲ್ಲಿನವರು ಯಾರನ್ನೂ ಒತ್ತಾಯಿಸುವುದಿಲ್ಲ. ಮೂರನೆಯವರು ಯಾರಾದರೂ ಸಿಕ್ಕಿರುತ್ತಾರೆ ಬಿಡು ಎಂದು ನಾನೇ ಸಮಾಧಾನ ಹೇಳಿಕೊಂಡೆ.

ಜೂನಿನಲ್ಲಿ ಒಂದು ದಿನ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ಗುನ್ನೆಲ್ ಸಿಕ್ಕರು. “ಬಿರ್ಗರ್ ಹೋದ. ಹೃದಯ. ಎರಡು ವಾರ ಆಯ್ತು” ಎಂದರು. ಅಂತ್ಯಕ್ರಿಯೆ ಮುಂದಿನ ಶುಕ್ರವಾರವಂತೆ. ಮನೆಗೆ ಬಂದು ಅತ್ತುಬಿಟ್ಟೆ. ಗಂಡ ರಘು ನನ್ನ ಬೆನ್ನು ಸವರುತ್ತ, “ಈಗ ಸ್ನಾನ ಮಾಡ್ಬೇಕಾ, ಶುಕ್ರವಾರ ಮಾಡ್ಬೇಕಾ?” ಎಂದು ಕೇಳಿದರು. ಸತ್ತು ಮೂರು ವಾರಕ್ಕೆ ಮಣ್ಣು ಮಾಡುವವರಿಗೆ ಯಾವ ಲೆಕ್ಕದ ಸೂತಕ ಹಿಡಿಯುವುದು? ಅಳುವಿನ ನಡುವೆಯೇ ನಗು ಬಂತು. ಎರಡು ದಿನವೂ ತಲೆಗೆ ಸ್ನಾನ ಮಾಡಿದೆ. ಚರ್ಚಿನ ನಂತರದ ಊಟಕ್ಕೆ ಬರುವವರು ಮೊದಲೇ ಹೆಸರು ಕೊಡಬೇಕಿತ್ತು, ಯಾವ ಆಹಾರ ಆಗಿಬರುವುದಿಲ್ಲ ಎಂದೂ ತಿಳಿಸಬೇಕಿತ್ತು. ‘ಸಸ್ಯಾಹಾರಿ, ಖಂಡಿತ ಬರುತ್ತೇನೆ’ ಎಂದು ಬರೆಯಹೊರಟು, ‘ಖಂಡಿತ’ವನ್ನು ಅಳಿಸಿದೆ.

ಚರ್ಚಿನಲ್ಲಿ ಒಂಬತ್ತು ಜನರಿದ್ದೆವು. ಊಟದ ಮೇಜಿನಲ್ಲಿ ಗುನ್ನೆಲ್ ನನ್ನ ಪಕ್ಕ ಕೂತು ಚೀಲದಿಂದ ನೀಲಿ ಫೈಲೊಂದನ್ನು ತೆಗೆದರು. “ಪದಗಳ ಟಿಪ್ಪಣಿ ಎಲ್ಲಾ ಇದರಲ್ಲಿದೆ. ನಿನಗೇ ಕೊಡು ಅಂದಿದ್ದ.” ತೆರೆದೆ. ಮೇಲೆಯೇ ಹಾಜರಿ ಪಟ್ಟಿಗಳು. ಬಿರ್ಗರ್, ಗುನ್ನೆಲ್, ಅದರ ಕೆಳಗೆ ಕನ್ನಡದಲ್ಲಿ ವಿಶಾಲಾಕ್ಷಿ. ನಾನು ಹೋಗದ ವಾರವೂ ವಿಶಾಲಾಕ್ಷಿ. ಅದರ ಮುಂದಿನ ವಾರವೂ. ಹನ್ನೊಂದು ಗುರುವಾರ.

“ಮೊದಲನೇ ವಾರ ಮೂರನೇ ಕಪ್ಪಿಗೆ ಕಾಫಿ ಬಗ್ಗಿಸಿಟ್ಟು ಕಾದ,” ಎಂದರು ಗುನ್ನೆಲ್. “ಏಳೂವರೆ ಆಯ್ತು. ಆಮೇಲೆ ನಿನ್ನ ಹಳೇ ಸಹಿ ನೋಡ್ಕೊಂಡು ಬರೆಯೋಕೆ ಕೂತ. ನಾನು ಕೇಳ್ದೆ, ಬಿರ್ಗರ್, ಇದು ಸುಳ್ಳಲ್ವಾ ಅಂತ. ‘ಸುಳ್ಳು ಹೇಗಾಗತ್ತೆ? ಬರ್ತೀನಿ ಅಂತ ಹೇಳಿದಾಳಲ್ಲ. ತಡ ಆಗಿದೆ, ಅಷ್ಟೆ’ ಅಂದ. ಪ್ರತಿ ವಾರ ಹಾಗೇ ಅಂದ.”

ನನ್ನ ತಟ್ಟೆಯಲ್ಲಿ ಅವರು ನನಗೋಸ್ಕರ ಬೇರೆಯಾಗಿ ಮಾಡಿಸಿದ್ದ ಮೊಟ್ಟೆಯೂ ಇಲ್ಲದ ಸ್ಯಾಂಡ್‌ವಿಚ್ ಇತ್ತು. ಇಪ್ಪತ್ತು ನಿಮಿಷದ ಬಸ್ ದಾರಿ. ಹನ್ನೊಂದು ಸಲ ನಾನು ಆ ಬಸ್ ಹತ್ತಲಿಲ್ಲ.

ಮನೆಗೆ ಬಂದು ಪಟ್ಟಿಗಳನ್ನೆಲ್ಲ ಸಾಲಾಗಿ ಹರಡಿಕೊಂಡೆ. ಮೊದಲ ಸಹಿಯನ್ನು ಬಿರ್ಗರ್ ಯಂತ್ರದ ಬಿಡಿಭಾಗದ ನಕ್ಷೆ ಬರೆದಂತೆ ಅಳೆದು ಅಳೆದು ಬಿಡಿಸಿದ್ದಾರೆ. ‘ಕ್ಷಿ’ಯನ್ನು ಎರಡು ಸಲ ಅಳಿಸಿ ತಿದ್ದಿದ್ದಾರೆ. ವಾರವಾರಕ್ಕೂ ಕೈ ಪಳಗಿದೆ. ಹನ್ನೊಂದನೆಯದು ನನ್ನ ಸಹಿಗಿಂತ ಚೆನ್ನಾಗಿದೆ, ನಮ್ಮಪ್ಪ ನೋಡಿದ್ದರೆ ಭೇಷ್ ಎನ್ನುತ್ತಿದ್ದರು. ಆ ಕೊನೆಯ ಗುರುವಾರ ನಾನು ಏನು ಮಾಡುತ್ತಿದ್ದೆನೆಂದು ಫೋನಿನಲ್ಲಿ ಹುಡುಕಿದೆ. ಮನೆಯಲ್ಲೇ ಇದ್ದೆ. ಬೆಂಗಳೂರಿನ ಅಂಗಡಿಯವಳೊಬ್ಬಳು ವೀಡಿಯೋದಲ್ಲಿ ಸೀರೆ ತೋರಿಸುತ್ತಿದ್ದಳು, ಒಂದೂವರೆ ಗಂಟೆ ನೋಡಿ ಒಂದನ್ನೂ ಕೊಂಡಿರಲಿಲ್ಲ.

ಈಗ ಗುರುವಾರ ಸಂಜೆ ನಾನೂ ಗುನ್ನೆಲ್ಲೂ ಆ ಕೋಣೆಯಲ್ಲಿ ಕೂರುತ್ತೇವೆ. ಮೂರನೇ ಸಹಿಗೆ ರಘುವನ್ನು ಎಳೆದುಕೊಂಡು ಹೋಗುತ್ತೇನೆ. ಅವರು ಬನ್ನು ತಿಂದು ಹೀಟರಿಗೆ ಒರಗಿ ನಿದ್ದೆ ಮಾಡುತ್ತಾರೆ. ಬಿರ್ಗರ್ ಟಿಪ್ಪಣಿಯಿಂದ ವಾರಕ್ಕೊಂದು ಪದ ಓದುತ್ತೇನೆ. ಐರಿಷ್ ಉಚ್ಚಾರ ನನ್ನ ಬಾಯಲ್ಲಿ ಏನೇನೋ ಆಗುತ್ತದೆ, ತಿದ್ದುವವರಿಲ್ಲ. ಕಾಲೇಜಿನಲ್ಲಿ ಹಾಜರಾತಿ ಸಾಲದೆ ಪ್ರಿನ್ಸಿಪಾಲರ ಮುಂದೆ ನಿಂತು ಸುಳ್ಳು ಕಣ್ಣೀರು ಸುರಿಸಿದವಳು ನಾನು. ಆ ನೀಲಿ ಫೈಲಿನಲ್ಲಿ ಮಾತ್ರ ನನ್ನದು ನೂರಕ್ಕೆ ನೂರು. ಬದುಕಿನಲ್ಲಿ ನನಗೆ ಪೂರ್ತಿ ಹಾಜರಾತಿ ಸಿಕ್ಕಿರುವುದು ಅದೊಂದರಲ್ಲೇ.